ಹರಿಹರದ ಗಂಟು

ಕೈಯಲ್ಲಿ ತಿರುಗಿಸುವುದೇ ಸಾಕೇನೋ. ಅಥವಾ ಅದೂ ಬೇಡ, ಹೊಸದೊಂದು ಅರ ಕೊಂಡುಕೊಂಡು ತಾನೇ ಕೂತು ಉಜ್ಜಿದರಾಯಿತು. ಆದರೆ ತಾನೇ ಉಜ್ಜುವುದಾದರೆ ಹರಿಹರಕ್ಕೆ ಹೋಗಿ ಮೇಸ್ತ್ರಿಗೆ ಏನಂತ ಹೇಳುವುದು? ಮಿಷಿನ್ ಬಂತು ಎಂದರೆ ಮಾತು ಮಿಷಿನ್ ಮೇಲೆ ಹೋಗುತ್ತದೆ. ಇನ್ನು ಮೇಲೆ ನಾನೇ ಉಜ್ಜುತ್ತೇನೆ ಎಂದರೆ ಮಾತು ಅವರ ಕೈ ಮೇಲೆ ಬರುತ್ತದೆ.

ಅಂಜನಕುಮಾರ ದಾವಣಗೆರೆಯ ಮಂಡಿಪೇಟೆಯಲ್ಲಿ ಸಿದ್ದೀಕಾಳ ಅಂಗಡಿಯ ಗಾಜಿನ ಕಟ್ಟೆಯ ಮುಂದೆ ನಿಂತು ಬಹಳ ಹೊತ್ತಾಗಿತ್ತು. ಕಟ್ಟೆಯ ಮೇಲೆ ಮೂರು ಸಾಮಾನುಗಳಿದ್ದವು. ಒಂದು, ಚಪ್ಪಟೆಯಾದ ನಯ ಹಲ್ಲಿನ ಅರ. ಇನ್ನೊಂದು, ಹಿಡಿಕೆ ತಿರುಗಿಸಿದರೆ ಬಿಲ್ಲೆಯಂಥ ಸಾಣೆಚಕ್ರ ತಿರುಗುವ ಪುಟ್ಟ ಯಂತ್ರ. ಮೂರನೆಯದು ಅದೇ ಚಕ್ರಕ್ಕೆ ಮೋಟಾರು ಕೂಡಿಸಿದ್ದು, ಕರೆಂಟಿನದು. ಮೂರೂ ಮಾಡುವ ಕೆಲಸ ಒಂದೇ. ಪಿಸ್ಟನ್ ರಿಂಗಿನ ತುದಿಯನ್ನು ಸವೆಸುವುದು.

ಪಿಸ್ಟನ್ನಿನ ಸುತ್ತ ಕೂರುವ ರಿಂಗು ಪೂರ್ತಿ ಬಳೆಯಲ್ಲ, ಒಂದು ಕಡೆ ಕತ್ತರಿಸಿರುತ್ತದೆ. ಅದನ್ನು ಎಂಜಿನ್ನಿನ ಲೈನರ್ ಎಂಬ ಕೊಳವೆಯೊಳಗೆ ಇಳಿಸಿದಾಗ ಎರಡು ತುದಿಗಳ ನಡುವೆ ತೆಳ್ಳನೆಯ ಒಂದು ಸಂದು ಉಳಿಯಬೇಕು. ಸಂದು ಹೆಚ್ಚಾದರೆ ಎಂಜಿನ್ನು ಹೊಗೆ ಬಿಡುತ್ತದೆ, ಆಯಿಲ್ ಕುಡಿಯುತ್ತದೆ. ಕಡಿಮೆಯಾದರೆ ಇನ್ನೂ ಕೆಟ್ಟದ್ದು. ಕಾದು ಹಿಗ್ಗಿದ ರಿಂಗಿಗೆ ಹೋಗಲು ಜಾಗವಿರುವುದಿಲ್ಲ. ತುದಿಗೆ ತುದಿ ಒತ್ತಿ ಲೈನರನ್ನು ಗೀರುತ್ತದೆ, ಕೊನೆಗೆ ಮುರಿಯುತ್ತದೆ. ಹೊಸ ರಿಂಗು ಡಬ್ಬಿಯಿಂದ ಬರುವಾಗ ಸ್ವಲ್ಪ ಬಿಗಿಯಾಗಿಯೇ ಬರುವುದರಿಂದ ಪ್ರತಿಯೊಂದನ್ನೂ ಅದರದರ ಲೈನರಿಗೆ ತಕ್ಕಂತೆ ಉಜ್ಜಿ ಕೂಡಿಸಬೇಕು.

"ಕುಮಾರಣ್ಣ, ಹೆಣ್ಣು ನೋಡಾಕ ಬಂದವ್ರೂ ಇಷ್ಟು ಹೊತ್ತು ನೋಡಲ್ಲ," ಎಂದಳು ಸಿದ್ದೀಕಾ. ತಂದೆಯ ಕಾಲದ ಅಂಗಡಿಯನ್ನು ಈಗ ಅವಳೇ ನಡೆಸುತ್ತಿದ್ದಳು. "ನನ್ನ ಕೇಳಿದ್ರೆ ಕೈಲಿ ತಿರುಗಿಸೋದು ತಗೋರಿ. ಇದು ಒರಳುಕಲ್ಲು, ಅದು ಮಿಕ್ಸಿ. ಒರಳಿನ್ಯಾಗ ರುಬ್ಬಿದ್ದು ಎಷ್ಟು ನುಣ್ಣಗಾತು ಅಂತ ಕೈಗೆ ತಿಳೀತೈತೆ. ಮಿಕ್ಸಿಗೆ ಏನ್ ತಿಳೀತೈತೆ?"

"ನಿಮ್ಮ ಮನ್ಯಾಗ ಒರಳಲ್ಲೇ ರುಬ್ತೀರೇನು?"

"ಇಲ್ಲಪ್ಪ, ನಮ್ಮನ್ಯಾಗ ಮಿಕ್ಸಿನೇ. ಅದ್ಕೇ ಚಟ್ನಿ ಹಂಗಿರ್ತೈತೆ."

ಅವನು ನಕ್ಕ. ನಕ್ಕು ಕರೆಂಟಿನದನ್ನೇ ಮುಂದಕ್ಕೆ ಸರಿಸಿದ. ಮೆಕ್ಕೆಜೋಳದ ಸುಗ್ಗಿ ಬಂದರೆ ಲಾರಿಗಳು ಸಾಲುಗಟ್ಟುತ್ತವೆ, ಬೇಗ ಆಗಬೇಕು ಎಂದು ತನಗೆ ತಾನೇ ಹೇಳಿಕೊಂಡ. ಸಿದ್ದೀಕಾ ಅದನ್ನು ಪೆಟ್ಟಿಗೆಗೆ ತುಂಬುತ್ತ, ತಲೆಯೆತ್ತದೆ ಕೇಳಿದಳು.

"ಹರಿಹರದ ಮೇಸ್ತ್ರಿಗೆ ಹೇಳೀರಾ?"

"ಇವತ್ತೇ ಹೋಗಿ ಹೇಳ್ತೀನಿ."

"ಹೇಳ್ರಿ. ಅವ್ರಿಗೆ ಅರ ಕೊಟ್ಟು ಕೊಟ್ಟು ನಮ್ಮಪ್ಪ ಹೋದ, ಈಗ ನಾ ಕೊಡ್ತಿದೀನಿ. ಬೇರೆ ಯಾರ ಬಾಯಿಂದಾನೋ ಕೇಳೋದು ಬ್ಯಾಡ."

ಮೇಸ್ತ್ರಿ ಎಂದರೆ ಕೆಂಚವೀರಪ್ಪ. ಹರಿಹರದ ದೊಡ್ಡ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಅದು ಮುಚ್ಚಿದ ಮೇಲೆ ಮನೆಯ ಜಗುಲಿಗೆ ಸಾಮಾನು ಬಿಗಿಹಿಡಿಯುವ ಒಂದು ವೈಸ್ ಕೂಡಿಸಿಕೊಂಡು ಕೂತರು. ಅಂಜನಕುಮಾರ ಪಿ.ಬಿ. ರಸ್ತೆಯಲ್ಲಿ ಎಂಜಿನ್ ಕಟ್ಟುವ ಗ್ಯಾರೇಜು ತೆಗೆದ ಹೊಸದರಲ್ಲಿ ಹದಡಿ ಹಳ್ಳಿಯಿಂದ ಬಂದ ಈ ಹುಡುಗನ ಕೈಗೆ ಗಾಡಿ ಕೊಡಲು ಯಾರೂ ಮುಂದೆ ಬರಲಿಲ್ಲ. ಬಂದವರು ಬಂದದ್ದು ಕೆಂಚವೀರಪ್ಪನವರ ಮಾತಿನ ಮೇಲೆ. "ರಿಂಗು ನಾ ಉಜ್ಜಿ ಕೊಡ್ತೀನಿ, ಎಂಜಿನ್ ಅವ್ನ ಕೈಲಿ ಕಟ್ಟಿಸ್ರಿ" ಎಂದು ಅವರು ನಾಲ್ಕು ಜನ ಲಾರಿ ಮಾಲೀಕರಿಗೆ ಹೇಳಿದ್ದರು. ಅಂದಿನಿಂದ ಗ್ಯಾರೇಜಿನ ರಿಂಗುಗಳೆಲ್ಲ ಹರಿಹರಕ್ಕೆ ಹೋಗಿ ಬರುತ್ತಿದ್ದವು.

ಉಜ್ಜಿದ ರಿಂಗುಗಳು ಒಂದರ ಲೈನರಿಗೆ ಇನ್ನೊಂದು ಸೇರದಂತೆ ಅವರು ಚೀಲ ಹೊಲಿಯುವ ದಾರದಲ್ಲಿ ಕಟ್ಟಿ ಗಂಟು ಹಾಕುತ್ತಿದ್ದರು. ಮೊದಲ ಲೈನರಿನದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ. ಕೆಲಸದ ಅನುಕೂಲಕ್ಕೆ ಹುಟ್ಟಿದ ಆ ದಾರ ಹೇಗೋ ಡ್ರೈವರುಗಳ ಕೈಗೆ ಸಿಕ್ಕಿತು. ಎಂಜಿನ್ನು ಕಟ್ಟಿ ಮೊದಲ ಸಲ ಸ್ಟಾರ್ಟ್ ಮಾಡುವ ದಿನ ಅವರು ಆ ದಾರಗಳನ್ನು ಕೇಳಿ ಇಸಿದುಕೊಂಡು, ನಿಂಬೆಹಣ್ಣು ಮೆಣಸಿನಕಾಯಿಯ ಜೊತೆಗೆ ಕನ್ನಡಿಯ ಕಂಬಿಗೆ ಕಟ್ಟತೊಡಗಿದರು. ಗಂಟಿದ್ದ ಗಾಡಿ ನಡುದಾರಿಯಲ್ಲಿ ಕೈಬಿಡುವುದಿಲ್ಲ ಎಂಬ ಮಾತು ಹುಟ್ಟಿತು. ಗ್ಯಾರೇಜಿಗೆ ಬಂದವರು ಮೊದಲು ಕೇಳುವುದೇ ಅದನ್ನು: ಹರಿಹರದ ಗಂಟು ಐತೇನ್ರಿ?

ಈಚೆಗೆ ಹರಿಹರದಿಂದ ಬಂದ ಒಂದು ಸೆಟ್ಟಿನಲ್ಲಿ ಸಂದು ಹೆಚ್ಚಾಗಿತ್ತು. ಅಂಜನಕುಮಾರ ಸಂದು ಅಳೆಯುವ ಫೀಲರ್ ಗೇಜಿನ ತೆಳು ಪಟ್ಟಿ ಹಾಕಿ ನೋಡಿದ. ನಂಬದೆ ಮತ್ತೆ ನೋಡಿದ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಯಾರಿಗೂ ಹೇಳದೆ ಆ ಸೆಟ್ಟನ್ನು ಗುಜರಿ ಡಬ್ಬಿಗೆ ಹಾಕಿ ಹೊಸದು ತಂದು, ತಾನೇ ಉಜ್ಜಿ ಕೂಡಿಸಿದ್ದ. ಅದಾದ ಮೇಲೆಯೇ ಅವನು ಸಿದ್ದೀಕಾಳ ಅಂಗಡಿಗೆ ಹೋದದ್ದು.

ಮಿಷಿನ್ ಕೊಂಡ ದಿನವೇ ಮಧ್ಯಾಹ್ನ ಹರಿಹರಕ್ಕೆ ಹೋದ. ಪೆಟ್ಟಿಗೆಯನ್ನು ಗ್ಯಾರೇಜಿನಲ್ಲೇ ಬಿಟ್ಟಿದ್ದ. ಗಾಡಿ ಓಡಿಸುತ್ತ ಮಾತು ಜೋಡಿಸಿಕೊಂಡ. ಹೊಸ ರಿಂಗುಗಳ ಮೇಲಿನ ಲೇಪ ಬಹಳ ಗಟ್ಟಿ ಮೇಸ್ತ್ರೇ, ಅರ ಜಾರುತ್ತೆ, ಅದಕ್ಕೆ ಒಂದು ಮಿಷಿನ್ ತಗೊಂಡೆ. ಇಷ್ಟೇ. ಸುಳ್ಳೂ ಅಲ್ಲ.

ಕೆಂಚವೀರಪ್ಪ ಜಗುಲಿಯಲ್ಲಿದ್ದರು. ಅವರ ಬೆನ್ನ ಹಿಂದೆ ಗೋಡೆಯುದ್ದಕ್ಕೂ ಕುಯ್ದ ಲೈನರ್ ತುಂಡುಗಳು ಅಳತೆಯ ಪ್ರಕಾರ ಸಾಲಾಗಿ, ಅಡುಗೆಮನೆಯ ಡಬ್ಬಿಗಳ ಹಾಗೆ ಕೂತಿದ್ದವು. ಯಾವ ಎಂಜಿನ್ನಿಗೆ ಯಾವ ಅಳತೆಯ ಲೈನರೋ ಅದೇ ಅಳತೆಯ ತುಂಡು. ಅರವನ್ನು ವೈಸಿಗೆ ಕಚ್ಚಿಸಿ, ರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಒಂದೇ ತುದಿಯನ್ನು ಹೊರಗಿನಿಂದ ಒಳಮುಖವಾಗಿ ಎಳೆಯುವುದು ಅವರ ರೀತಿ. ನಾಲ್ಕು ಎಳೆತಕ್ಕೊಮ್ಮೆ ರಿಂಗನ್ನು ಲೈನರಿನೊಳಗೆ ಇಟ್ಟು, ಪಿಸ್ಟನ್ನನ್ನು ತಲೆಕೆಳಗು ಮಾಡಿ ಅದರಿಂದಲೇ ಕೆಳಕ್ಕೆ ತಳ್ಳುತ್ತಿದ್ದರು. ರಿಂಗು ಸಮನಾಗಿ ಕೂರಬೇಕು. ಓರೆಯಾಗಿ ಕೂತ ರಿಂಗು ಸಂದನ್ನು ದೊಡ್ಡದಾಗಿ ತೋರಿಸುತ್ತದೆ, ನೋಡಿದವನಿಗೆ ಸುಳ್ಳು ಹೇಳುತ್ತದೆ. ಇದನ್ನು ಅಂಜನಕುಮಾರ ಕಲಿತದ್ದೂ ಅವರಿಂದಲೇ.

"ಬಾರೋ ತಮ್ಮಾ. ಏನು, ಬರಿಗೈಲಿ ಬಂದಿ? ರಿಂಗು ಇಲ್ದೆ ನೀ ಬಂದದ್ದು ಮದುವಿ ಕರೆಯಾಕ ಬಂದಾಗ ಒಂದ್ಸಲ ಅಷ್ಟೇ."

"ಸುಮ್ನೆ ಬಂದೆ ಮೇಸ್ತ್ರೇ."

"ಸುಮ್ನೆ ಬರೋ ಪೈಕಿ ಅಲ್ಲ ಇವ್ನು," ಎಂದು ಒಳಗಿನಿಂದ ಅವರ ಹೆಂಡತಿ ಮರುಳಸಿದ್ದಮ್ಮನ ದನಿ ಬಂತು. "ಹೆಂಡ್ತಿ ಯಶೋದಾನ ಕೂಡ ಜಗಳ ಆಡ್ಕೊಂಡು ಬಂದಾನೆ. ಕೂಡ್ರಿಸ್ರಿ, ಚಾ ಮಾಡ್ತೀನಿ."

ಅವಳು ಎರಡು ಬಟ್ಟಲು ತಂದಳು. ಅಂಜನಕುಮಾರನ ಬಟ್ಟಲು ತುಂಬಿತ್ತು. ಗಂಡನ ಬಟ್ಟಲಿಗೆ ಅರ್ಧ ಮಾತ್ರ ಹಾಕಿದ್ದಳು. ಅವನು ಅದನ್ನು ನೋಡಿದ್ದನ್ನು ಅವಳು ನೋಡಿದಳು. ಒಳಗೆ ಹೋದಳು.

"ಹೊಸ ರಿಂಗಿನ ಮ್ಯಾಲಿನ ಲೇಪ ಬಾಳ ಗಟ್ಟಿ ಬರ್ತೈತೆ ಈಗ," ಎಂದು ಅವನು ಶುರು ಮಾಡಿದ.

"ಗಟ್ಟಿ ಬಂದ್ರೆ ಬರ್ಲಿ ಬಿಡು. ನನಗೇನು ಅವಸರ ಐತೆ? ಎರಡು ಎಳೆಯೋ ಕಡೆ ನಾಕು ಎಳೀತೀನಿ." ಅವರು ಚಹದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ತಂದರು. "ನಿಮ್ಮೂರ ಭರಮಣ್ಣನ ಟ್ರ್ಯಾಕ್ಟರ್ ಬಿಚ್ಚೀಯಂತೆ? ಫೋನ್ ಮಾಡಿದ್ದ. ನಿನ್ನ ಗಂಟು ಇಲ್ದೆ ನಾ ಟ್ರ್ಯಾಕ್ಟರ್ ತಗಳ್ಳಂಗಿಲ್ಲ ಅಜ್ಜಾ ಅಂದ. ಮಂಗ್ಯಾ ನನ್ಮಗ. ದಾರದಾಗ ಏನೈತೆ?" ಎಂದು ನಕ್ಕರು. ಆ ನಗುವಿನಲ್ಲಿ ಎಷ್ಟು ಸಂತೋಷವಿತ್ತೆಂದರೆ ಅಂಜನಕುಮಾರ ಬೇರೆ ಕಡೆ ನೋಡಿದ. "ಎಲ್ಲಿ ಅವ್ನ ರಿಂಗು?"

ಈಗ ಹೇಳಬೇಕಿತ್ತು. ಬೀದಿಯಲ್ಲಿ ತಳ್ಳುಗಾಡಿಯವನೊಬ್ಬ ಬಾಳೆಹಣ್ಣು ಕೂಗಿಕೊಂಡು ಹೋದ. 

"ನಾಳೆ ತರ್ತೀನಿ," ಎಂದ ಅಂಜನಕುಮಾರ.

ಮರುದಿನ ತಂದೂ ಕೊಟ್ಟ. ಟ್ರ್ಯಾಕ್ಟರಿಗೆ ಎಂದು ಒಂದೇ ಕಂಪನಿಯ ಎರಡು ಸೆಟ್ ಕೊಂಡಿದ್ದ. ಒಂದು ಹರಿಹರಕ್ಕೆ ಹೋಯಿತು, ಇನ್ನೊಂದನ್ನು ಗ್ಯಾರೇಜಿನ ಒಳಕೋಣೆಯಲ್ಲಿ ಹೊಸ ಮಿಷಿನ್ನಿನಲ್ಲಿ ತಾನೇ ಸವೆಸಿದ. ಮೇಸ್ತ್ರಿಯ ಸೆಟ್ ಉಜ್ಜಿ ಗಂಟು ಹಾಕಿಸಿಕೊಂಡು ವಾಪಸು ಬಂದಾಗ ಗೇಜು ಹಾಕಿ ನೋಡಿದ. ಎರಡು ರಿಂಗು ಸರಿಯಿದ್ದವು, ಎರಡರಲ್ಲಿ ಸಂದು ಹೆಚ್ಚಿತ್ತು. ಅವುಗಳ ದಾರ ತೆಗೆದು ಮಿಷಿನ್ನಿನಲ್ಲಿ ಸವೆಸಿದವುಗಳಿಗೆ ಕಟ್ಟಿದ. ಗಂಟು ಬಿಚ್ಚಲಿಲ್ಲ, ದಾರವನ್ನು ಹಾಗೆಯೇ ಜಾರಿಸಿ ತೆಗೆದ. ಭರಮಣ್ಣ ಬಂದು ಕೀಲಿ ತಿರುಗಿಸಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ದಾರಗಳನ್ನು ಕಣ್ಣಿಗೊತ್ತಿಕೊಂಡ.

ಹೀಗೆ ಒಂದಾದ ಮೇಲೆ ಒಂದು ಎಂಜಿನ್ನು ಹೊರಟಿತು. ಯಾವುದಕ್ಕೂ ತೊಂದರೆಯಾಗಲಿಲ್ಲ. ಹರಿಹರಕ್ಕೆ ರಿಂಗು ಒಯ್ಯುವಾಗ ಅಂಜನಕುಮಾರನಿಗೆ ತಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ವಾಪಸು ತರುವಾಗ ಹಾಗೆ ಅನ್ನಿಸುತ್ತಿರಲಿಲ್ಲ.

ಒಂದು ದಿನ ಯಶೋದಾ ವಿನೋಬನಗರದ ಮನೆಯಿಂದ ಅವನ ಊಟದ ಡಬ್ಬಿ ತಂದವಳು ಒಳಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು.

"ಇದೇನ್ರಿ, ಅವ್ರ ರಿಂಗಿನ ದಾರ ತೆಗೆದು ಇದಕ್ಕೆ ಹಾಕ್ತಿದೀರಿ?"

ಅವನು ಎಲ್ಲ ಹೇಳಿದ. ಹೇಳಿದ ಮೇಲೆ, "ಅವ್ರ ಮನಸ್ಸಿಗೆ ನೋವಾಗಬಾರ್ದು ಅಂತ," ಎಂದ.

"ಯಾರ ಮನಸ್ಸಿಗೆ?" ಎಂದಳು ಯಶೋದಾ. "ಅವ್ರ ಮನಸ್ಸಿಗಾ, ನಿಮ್ಮ ಗಿರಾಕಿ ಮನಸ್ಸಿಗಾ?"

"ಎರಡೂ ಅನ್ಕೋ."

"ನೀವು ಹೇಳಿದ್ರೆ ಅವ್ರು ಒಂದಿನ ಸಿಟ್ಟಾಗ್ತಾರೆ. ಬ್ಯಾರೆಯವ್ರು ಹೇಳಿದ್ರೆ ಹೆಂಗೆ?"

"ಹೇಳ್ತೀನಿ, ಸುಗ್ಗಿ ಮುಗೀಲಿ."

ಅವಳು ಡಬ್ಬಿಯನ್ನು ಮೋಟಾರಿನ ಪಕ್ಕಕ್ಕಿಟ್ಟು ಹೋದಳು. ಸುಗ್ಗಿ ಮುಗಿಯುವ ತನಕ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಬಹಳ ಸಲ ಅನ್ನಿಸಿದೆ. ಅದೂ ತಪ್ಪನ್ನು ಇನ್ನೊಬ್ಬರ ಕಡೆ ಸರಿಸುವ ಯೋಚನೆಯೇ ಎಂದು ಅದರ ಬೆನ್ನಲ್ಲೇ ಅನ್ನಿಸಿದೆ.

ಸುಗ್ಗಿಯಲ್ಲಿ ಕೊಟ್ಟೂರೇಶನ ಲಾರಿ ಬಂತು. ಸರಸ್ವತಿ ನಗರದ ಕೊಟ್ಟೂರೇಶ್ ಇದ್ದೊಂದು ಲಾರಿಯನ್ನು ತಾನೇ ಓಡಿಸುತ್ತಿದ್ದ. ಮಾತು ಜಾಸ್ತಿ, ಮನಸ್ಸು ಮೆದು. ದಿನಕ್ಕೊಂದು ಸಲ ಗ್ಯಾರೇಜಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

"ಕುಮಾರಣ್ಣ, ನಿನ್ನ ಗ್ಯಾರೇಜಿನ್ಯಾಗ ನನ್ನ ಗಾಡಿ ಬಾಣಂತನಕ್ಕೆ ಬಂದಂಗೆ ಕುಂತೈತಲ್ಲೋ. ಯಾವಾಗ ಕಳಿಸ್ತಿ?"

"ಹರಿಹರದಿಂದ ರಿಂಗು ಬರ್ಲಿ."

"ಅಜ್ಜನ ಕೈದು ಅಂದ್ರೆ ಕಾಯ್ತೀನಪ್ಪ. ಬ್ಯಾರೆಯವ್ರದಾಗಿದ್ರೆ ನಿನ್ನ ಗ್ಯಾರೇಜಿಗೇ ಬೆಂಕಿ ಇಡ್ತಿದ್ದೆ."

ರಿಂಗು ಬಂದ ದಿನ ಗ್ಯಾರೇಜಿನ ಮುಂದೆ ಇನ್ನೂ ಎರಡು ಲಾರಿಗಳು ಕಾದು ನಿಂತಿದ್ದವು. ಅಂಜನಕುಮಾರ ಮೇಸ್ತ್ರಿಯ ಸೆಟ್ಟನ್ನು ಬದಿಗಿಟ್ಟು, ಒಳಕೋಣೆಯ ಬಾಗಿಲು ಎಳೆದುಕೊಂಡು, ಇನ್ನೊಂದು ಸೆಟ್ ಸವೆಸಲು ಮಿಷಿನ್ ಹಚ್ಚಿದ. ಚಕ್ರಕ್ಕೆ ರಿಂಗಿನ ತುದಿ ತಾಗಿದ್ದು ಕೈಗೆ ಗೊತ್ತಾಗುತ್ತಿರಲಿಲ್ಲ, ಸಣ್ಣದೊಂದು ಸದ್ದು ಮಾತ್ರ. ಸಂದು ಹೆಚ್ಚಾಗಿಬಿಡಬಾರದೆಂಬ ಭಯ ಅವನಿಗೆ. ಮೇಸ್ತ್ರಿಯ ಸೆಟ್ಟುಗಳಲ್ಲಿ ಕಂಡದ್ದೆಲ್ಲ ಹೆಚ್ಚೇ ಅಲ್ಲವೇ. ಅದಕ್ಕೇ ಸ್ವಲ್ಪ ಸವೆಸಿ, ನೋಡಿ, ಮತ್ತೆ ಸ್ವಲ್ಪ ಸವೆಸುತ್ತಿದ್ದ. ಮೂರನೆಯ ಲೈನರಿನ ರಿಂಗು ನೋಡುವ ಹೊತ್ತಿಗೆ ಫೋನು ಬಡಿದುಕೊಂಡಿತು. ಕೊಟ್ಟೂರೇಶನೇ. ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಪಿಸ್ಟನ್ನು ಎತ್ತಿಕೊಳ್ಳಲು ಕೈ ಖಾಲಿಯಿಲ್ಲದೆ, ರಿಂಗನ್ನು ಎರಡು ಬೆರಳಿನಲ್ಲೇ ಕೆಳಕ್ಕೆ ತಳ್ಳಿದ. ಗೇಜಿನ ಪಟ್ಟಿ ಸಲೀಸಾಗಿ ತೂರಿತು. ಸಾಕು ಅಂದುಕೊಂಡ. "ಆತು, ನಾಳೆ ಬಾ," ಎಂದು ಫೋನಿಗೆ ಹೇಳಿ, ಮೂರು ಗಂಟಿನ ದಾರವನ್ನು ಆ ರಿಂಗಿಗೆ ಕಟ್ಟಿದ.

ಲಾರಿ ಕಾರವಾರದ ಕಡೆ ಮೆಕ್ಕೆಜೋಳ ಇಳಿಸಿ, ಗೊಬ್ಬರ ತುಂಬಿಕೊಂಡು ವಾಪಸು ಬರುವಾಗ ಅರಬೈಲ್ ಘಾಟಿಯ ಏರಿನಲ್ಲಿ ನಿಂತುಹೋಯಿತು. ಕೊಟ್ಟೂರೇಶ್ ಅದನ್ನು ಇನ್ನೊಂದು ಗಾಡಿಗೆ ಕಟ್ಟಿಸಿ ಎಳೆಸಿಕೊಂಡು ಬಂದ. 

ಇಬ್ಬರೂ ಸೇರಿ ಎಂಜಿನ್ ಬಿಚ್ಚಿದರು. ಮೂರನೆಯ ಲೈನರಿನ ಉದ್ದಕ್ಕೂ ಗೀರು ಬಿದ್ದಿತ್ತು. ರಿಂಗು ಎರಡು ತುಂಡಾಗಿತ್ತು. ಅಂಜನಕುಮಾರ ತುಂಡುಗಳನ್ನು ಒರೆಸಿ ಬೆಳಕಿಗೆ ಹಿಡಿದ. ತುದಿಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಒಂದಕ್ಕೊಂದು ಒತ್ತಿ ಒತ್ತಿ ಆದ ಹೊಳಪು. ಬೇರೆ ಯಾವುದರಿಂದಲೂ ಹಾಗಾಗುವುದಿಲ್ಲ. ಎರಡು ಬೆರಳಿನಲ್ಲಿ ತಳ್ಳಿದ್ದು, ಭುಜದಲ್ಲಿ ಫೋನು ಹಿಡಿದಿದ್ದು ಎಲ್ಲ ಆ ಹೊಳಪಿನೊಳಗೇ ಅವನಿಗೆ ಕಂಡಿತು.

"ರಿಂಗಾ?" ಎಂದ ಕೊಟ್ಟೂರೇಶ್.

"ರಿಂಗು."

"ಹರಿಹರದ್ದೇ ಅಲ್ಲಾ?"

ಅಂಜನಕುಮಾರ ತುಂಡನ್ನು ಇನ್ನೊಮ್ಮೆ ಒರೆಸಿದ. ಅದರಲ್ಲಿ ಒರೆಸುವುದು ಏನೂ ಉಳಿದಿರಲಿಲ್ಲ.

ಕೊಟ್ಟೂರೇಶ್ ಲಾರಿ ಹತ್ತಿ ಕನ್ನಡಿಯ ಕಂಬಿಯಿಂದ ದಾರಗಳನ್ನು ಬಿಚ್ಚಿಕೊಂಡು ಬಂದ. ಮೂರು ಗಂಟಿನದನ್ನು ಬೇರೆ ಮಾಡಿದ. "ನಡಿ, ಹೋಗಿ ಬರಾಣ. ಜಗಳಕ್ಕಲ್ಲ. ಅಜ್ಜನ್ನ ಒಂದ್ಮಾತು ಕೇಳ್ಬೇಕು ನಾನು. ಮಕ್ಕಳನ್ನ ಕ್ಯಾಬಿನ್ನಿನ್ಯಾಗ ಕೂಡ್ರಿಸ್ಕೊಂಡು ಹೋಗ್ತೀನಿ ಒಮ್ಮೊಮ್ಮೆ."

ಬರುವುದಿಲ್ಲ ಎನ್ನಬಹುದಿತ್ತು. ಅಥವಾ ಅಲ್ಲಿಯೇ, ಆ ಬಿಚ್ಚಿದ ಎಂಜಿನ್ನಿನ ಮುಂದೆಯೇ ಹೇಳಬಹುದಿತ್ತು. ದಾರಿಯಲ್ಲಿ ಹೇಳುತ್ತೇನೆ ಎಂದುಕೊಂಡು ಅವನು ಕೊಟ್ಟೂರೇಶನ ಬೈಕಿನ ಹಿಂದೆ ಹತ್ತಿದ. ದಾರಿಯುದ್ದಕ್ಕೂ ಗಾಳಿಯಿತ್ತು. ಗಾಳಿಯಲ್ಲಿ ಮಾತು ಕೇಳಿಸುವುದಿಲ್ಲ ಎಂದುಕೊಂಡ.

ಕೆಂಚವೀರಪ್ಪ ತುಂಡನ್ನು ಕೈಗೆ ತೆಗೆದುಕೊಂಡು ಮೊದಲು ತುದಿಯನ್ನು ಉಗುರಿನಿಂದ ಸವರಿದರು. ಆಮೇಲೆ ಕನ್ನಡಕ ಹಣೆಗೇರಿಸಿ ಕಣ್ಣಿನ ಹತ್ತಿರ ಹಿಡಿದು ನೋಡಿದರು. ಉಜ್ಜಿದ ಗುರುತು ಅಲ್ಲಿ ಇರಲಿಲ್ಲ, ಹೊಳಪು ಎಲ್ಲವನ್ನೂ ಅಳಿಸಿಹಾಕಿತ್ತು. ಅರದ್ದೋ ಚಕ್ರದ್ದೋ ಹೇಳಲು ದೇವರಿಗೂ ಆಗುತ್ತಿರಲಿಲ್ಲ.

"ಬಿಗಿ ಆಗೇತಿ," ಎಂದರು. "ಗ್ಯಾಪ್ ಸಾಲಿಲ್ಲ. ಏರಿನ್ಯಾಗ ಕಾದಾಗ ತುದಿ ತುದಿ ಕಚ್ಕೊಂಡಾವೆ."

ಕೊಟ್ಟೂರೇಶ್ ದಾರ ಮುಂದೆ ಹಿಡಿದ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಗಂಟುಗಳ ಮೇಲೆ ಹೆಬ್ಬೆರಳು ಆಡಿಸಿದರು. ಒಂದು, ಎರಡು, ಮೂರು.

"ಗಂಟು ನಂದೇ."

ಮರುಳಸಿದ್ದಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು.

"ನನ್ನದೇ ತಪ್ಪು ತಮ್ಮಾ," ಎಂದು ಕೆಂಚವೀರಪ್ಪ ಕೊಟ್ಟೂರೇಶನಿಗೆ ಕೈಮುಗಿದರು. "ಕೈ ನಡುಗತೈತೆ ಈಚೀಚೆಗೆ. ಜಾಸ್ತಿ ಉಜ್ಜಿಬಿಡ್ತೀನೇನೋ ಅಂತ ಹೆದ್ರಿ ಕಡಿಮಿ ಉಜ್ಜಿರಬೇಕು ನಾನು. ಇವ್ಳಿಗೆ ಗೊತ್ತು. ಇವ್ನಿಗೆ ಹೇಳಬೇಕು ಹೇಳಬೇಕು ಅಂತಿದ್ದೆ. ಹೇಳಿದ್ರೆ ಕೆಲಸ ಕೊಡದು ಬಿಟ್ಟಾನು ಅಂತ ಹೇಳ್ಲಿಲ್ಲ."

"ಅಯ್ಯೋ, ಕೈ ಮುಗೀಬ್ಯಾಡ್ರಿ ಅಜ್ಜಾ," ಕೊಟ್ಟೂರೇಶ್ ಎದ್ದು ಅವರ ಕೈ ಹಿಡಿದುಕೊಂಡ. "ಕಬ್ಬಿಣ ಅದು. ಮುರೀತೈತೆ. ಕೇಳೋಣ ಅಂತ ಬಂದೆ ಅಷ್ಟೇ."

ಆಮೇಲೆ ಮೇಸ್ತ್ರಿ ಅಂಜನಕುಮಾರನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಕಲಿಸುವಾಗ ಕೇಳುತ್ತಿದ್ದ ಹಾಗೆಯೇ ಕೇಳಿದರು.

"ನೀ ಕೂಡಿಸೋವಾಗ ಇನ್ನೊಮ್ಮಿ ಗೇಜು ಹಾಕಿ ನೋಡ್ಲಿಲ್ಲೇನು?"

"ನಿಮ್ಮ ಕೆಲಸ ಅಂತ ನೋಡ್ಲಿಲ್ಲ ಮೇಸ್ತ್ರೇ."

ಆ ಮಾತು ತನ್ನ ಬಾಯಿಂದ ಬಂದದ್ದು ಅವನಿಗೆ ಬಂದ ಮೇಲೆಯೇ ತಿಳಿಯಿತು. ಕೆಂಚವೀರಪ್ಪ ತಲೆಯಾಡಿಸಿದರು. "ಅಷ್ಟು ನಂಬಿದ್ದಿ," ಎಂದರು. ಎಂದು ಲೈನರ್ ತುಂಡುಗಳ ಸಾಲಿನ ಕಡೆ ನೋಡುತ್ತ ಕೂತರು. ಕೊಟ್ಟೂರೇಶನಿಗೆ ಅಲ್ಲಿರುವುದು ಕಷ್ಟವಾಯಿತು. ಮರುಳಸಿದ್ದಮ್ಮ ಚಹ ಮಾಡುತ್ತೇನೆ ಎಂದಳು, ಯಾರೂ ಬೇಕು ಎನ್ನಲಿಲ್ಲ.

ಹೊರಡುವಾಗ ಕೆಂಚವೀರಪ್ಪ ಅಂಜನಕುಮಾರನ ಜೊತೆ ಜಗುಲಿಯ ಮೆಟ್ಟಿಲ ತನಕ ಬಂದರು. "ಈಗ ಮಿಷಿನ್ ಸಿಗ್ತಾವಂತಲ್ಲ, ರಿಂಗು ಸವೆಸೋವು. ಕರೆಂಟಿಂದು ಬ್ಯಾಡ, ಕೈಲಿ ತಿರುಗಿಸೋದು ತಗೋ. ತುದಿ ತಾಗಿದ್ದು ಕೈಗೆ ಗೊತ್ತಾಗ್ಬೇಕು. ಮತ್ತ ಏನಾದ್ರೂ ಇರ್ಲಿ, ಪಿಸ್ಟನ್ ತಲೆಕೆಳಗು ಮಾಡಿ ತಳ್ಳದು ಮಾತ್ರ ಬಿಡಬ್ಯಾಡ."

"ನೋಡ್ತೀನಿ ಮೇಸ್ತ್ರೇ," ಎಂದ ಅಂಜನಕುಮಾರ.

ಕೊಟ್ಟೂರೇಶನ ಎಂಜಿನ್ನನ್ನು ಅವನು ತನ್ನ ಖರ್ಚಿನಲ್ಲೇ ಮತ್ತೆ ಕಟ್ಟಿಕೊಟ್ಟ. ಮೇಸ್ತ್ರಿಯ ಮಾನ ಉಳಿಸಲು ಹೀಗೆ ಮಾಡಿದ ಎಂದು ಕೊಟ್ಟೂರೇಶ್ ನಾಲ್ಕು ಕಡೆ ಹೇಳಿಕೊಂಡು ತಿರುಗಿದ. ಗ್ಯಾರೇಜಿನ ಹೆಸರು ಕೆಡಲಿಲ್ಲ, ಇನ್ನೂ ಬೆಳೆಯಿತು.

ಕೆಂಚವೀರಪ್ಪ ವೈಸನ್ನು ಬಿಚ್ಚಿಸಿದರು. ಜಗುಲಿಯಲ್ಲಿ ಅದು ಇದ್ದ ಕಡೆ ಬೋಲ್ಟಿನ ತೂತುಗಳು ಉಳಿದವು. ಲೈನರ್ ತುಂಡುಗಳನ್ನು ಗುಜರಿಯವನು ಒಯ್ದ. ಅಂಜನಕುಮಾರ ಆಗಾಗ ಹೋಗುತ್ತಿದ್ದ. ಹಣ್ಣು ಒಯ್ಯುತ್ತಿದ್ದ, ಒಂದು ಸಲ ಯಶೋದಾ ಮಾಡಿದ ಶೇಂಗಾ ಹೋಳಿಗೆ. ಅವರು ಹೊಳೆಗೆ ನೀರು ಬಂದದ್ದು, ಬಸ್‌ಸ್ಟ್ಯಾಂಡಿನ ಹತ್ತಿರ ರಸ್ತೆ ಅಗೆದದ್ದು, ಹೀಗೆ ಏನೇನೋ ಮಾತಾಡುತ್ತಿದ್ದರು. ಎಂಜಿನ್ನಿನ ಸುದ್ದಿ ಮಾತ್ರ ತೆಗೆಯುತ್ತಿರಲಿಲ್ಲ. ಕೂರುವಾಗ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದರು.

"ಮೊದ್ಲು ಕೆಲಸ ಇದ್ದಾಗ ಕೈ ನಡುಗಿದ್ರೂ ನಡುಗಲ್ಲ ಅಂತಿದ್ರು," ಎಂದಳು ಮರುಳಸಿದ್ದಮ್ಮ ಒಮ್ಮೆ, ಅವನನ್ನು ಬೀದಿ ತನಕ ಕಳಿಸಲು ಬಂದಾಗ. "ಈಗ ನಡುಗದಿದ್ರೂ ನಡುಗತೈತೆ ಅಂತಾರೆ. ಮೊನ್ನೆ ಪಕ್ಕದ ಮನಿಯವ್ರು ಒಂದು ಕತ್ರಿ ಸಾಣೆ ಹಿಡಿದು ಕೊಡ್ರಿ ಅಂದ್ರು. ಬ್ಯಾಡವ್ವ, ನನ್ನ ಕೈ ನಂಬಬ್ಯಾಡ್ರಿ ಅಂದ್ರು. ಕತ್ರಿಗೂ."

ಅವನು ಅಲ್ಲಿಂದಲೇ ವಾಪಸು ತಿರುಗಿ ಒಳಗೆ ಹೋಗಬೇಕೆಂದುಕೊಂಡ. ನಿಂತೂ ನಿಂತ. ಆದರೆ ಆ ಹೊತ್ತಿಗೆ ಸುಳ್ಳು ಒಂದಿರಲಿಲ್ಲ. ರಿಂಗಿನ ಸುಳ್ಳು, ದಾರದ ಸುಳ್ಳು, ನಿಮ್ಮ ಕೆಲಸ ಅಂತ ನೋಡಲಿಲ್ಲ ಎಂದದ್ದು. ಯಾವುದನ್ನು ಮೊದಲು ಹೇಳುವುದೆಂದು ಗೊತ್ತಾಗಲಿಲ್ಲ. ಮುದುಕರಿಗೆ ಈಗ ಹೇಳಿದರೆ ಆ ತಪ್ಪು ಅವರ ಕೈಯದಲ್ಲವೆಂದು ತಿಳಿಯುತ್ತದೆಯೋ, ಅಥವಾ ಎಷ್ಟೋ ದಿನಗಳಿಂದ ತಾವು ಗುಜರಿ ಡಬ್ಬಿಗಾಗಿ ಉಜ್ಜುತ್ತಿದ್ದರೆಂದು ತಿಳಿಯುತ್ತದೆಯೋ? ಎರಡರಲ್ಲಿ ಯಾವುದು ಹೆಚ್ಚು ನೋವು? ಹೀಗೆ ಅಳೆಯುತ್ತ ನಿಂತವನಿಗೆ ಮರುಳಸಿದ್ದಮ್ಮ, "ಬಿಸಿಲು ಇಳೀತು, ಹೊರಡಪ್ಪ," ಎಂದಳು. ಅವನು ಹೊರಟ.

ಮನೆಯಲ್ಲಿ ಯಶೋದಾ ಅವನ ಮುಖ ನೋಡಿ, "ಇವತ್ತೂ ಇಲ್ಲ ಅಲ್ಲಾ?" ಎಂದಳು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಅವಳು ತಟ್ಟೆ ಹಾಕಿದಳು.

ಮುಂದಿನ ಬೇಸಿಗೆಯಲ್ಲಿ ಕೆಂಚವೀರಪ್ಪ ತೀರಿಕೊಂಡರು. ಮಲಗಿ ನರಳಿದ್ದೇನೂ ಇಲ್ಲ, ಬೆಳಗಿನ ಪೂಜೆ ಮುಗಿಸಿ ಗೋಡೆಗೆ ಒರಗಿದವರು ಏಳಲಿಲ್ಲ. ಅಂಜನಕುಮಾರ ಹೋಗುವ ಹೊತ್ತಿಗೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಕೂರಿಸಿದ್ದರು. ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟಿದ್ದರು. ಅವು ಅಲ್ಲಾಡುತ್ತಿರಲಿಲ್ಲ. ದಾವಣಗೆರೆಯಿಂದ ಲಾರಿಯವರು ಬಹಳ ಜನ ಬಂದಿದ್ದರು. ಬೀದಿಯಲ್ಲಿ ನಿಲ್ಲಿಸಿದ್ದ ಗಾಡಿಗಳ ಕನ್ನಡಿಗಳಿಗೆ ಇನ್ನೂ ಆ ದಾರಗಳಿದ್ದವು. ಅವುಗಳಲ್ಲಿ ಎಷ್ಟು ನಿಜದವು, ಎಷ್ಟು ತಾನು ಜಾರಿಸಿ ಕಟ್ಟಿದವು ಎಂದು ಅವನಿಗೊಬ್ಬನಿಗೇ ಗೊತ್ತಿತ್ತು.

ಮಣ್ಣು ಮಾಡಿ ಬಂದ ಮೇಲೆ ಗಂಡಸರೆಲ್ಲ ಬೇವಿನ ಮರದ ಕೆಳಗೆ ಕೈಕಾಲು ತೊಳೆದುಕೊಂಡು ನಿಂತರು. ಯಾರೋ ಕಾರ್ಖಾನೆಯ ದಿನಗಳನ್ನು ನೆನೆದರು. ಕೊಟ್ಟೂರೇಶ್ ಟವಲಿನಿಂದ ಮುಖ ಒರೆಸಿಕೊಂಡು ಹೇಳಿದ:

"ಜೀವಮಾನದಾಗ ಒಂದೇ ತಪ್ಪು ಮಾಡಿದ ಅಜ್ಜ, ಅದೂ ನನ್ನ ಗಾಡಿಗೆ. ಅದನ್ನೂ ಕೈಮುಗಿದು ಒಪ್ಕೊಂಡ. ಈಗಿನ ಕಾಲದಾಗ ಯಾರು ಒಪ್ಕೊಂತಾರ್ರಿ?"

ನಿಂತವರು ಹೌದು ಹೌದು ಎಂದರು. ಒಬ್ಬ ಅಂಜನಕುಮಾರನ ಹೆಗಲ ಮೇಲೆ ಕೈಯಿಟ್ಟ, ಶಿಷ್ಯನಿಗೆ ದುಃಖವಾಗಿರಬಹುದೆಂದು. ಅವನೂ ತಲೆಯಾಡಿಸಿದ. ಆಮೇಲೆ ಒಳಗೆ ಹೋಗಿ ಮರುಳಸಿದ್ದಮ್ಮನ ಮುಂದೆ ಕೂತ. ಅವಳು ಅವನ ಕೈ ಹಿಡಿದುಕೊಂಡು, "ನಿನ್ನ ಗ್ಯಾರೇಜಿಗೆ ಕೆಟ್ಟ ಹೆಸರು ತಂದೆ ಅಂತ ಕೊನೀ ತನಕ ಕೊರಗಿದ್ರಪ್ಪ," ಎಂದಳು. ಅವಳು ಅಳುತ್ತಿದ್ದಳು. ಅವನು ಅವಳ ಕೈ ಬಿಡಿಸಿಕೊಳ್ಳಲಿಲ್ಲ. 

ಆ ಲಾರಿಯ ರಿಂಗುಗಳನ್ನು ಉಜ್ಜಿದವನು ತಾನು, ಕೆಂಚವೀರಪ್ಪನವರಲ್ಲ ಎಂದು ಅಂಜನಕುಮಾರ ಅವರಿಗೆ ಎಂದೂ ಹೇಳಲಿಲ್ಲ. ಆ ದಿನ ಅವರ ಹೆಂಡತಿಗೂ ಹೇಳಲಿಲ್ಲ.